ಎಕ್ಸ್‌ಎಲ್ ಅಂದರೆ ದಪ್ಪಗಿರುವವರ ಮಾತ್ರೆ ಅಲ್ಲ

ನವೆಂಬರ್ ಬಂತೆಂದರೆ ದಿಲ್ಲಿಯಲ್ಲಿ ಎಲ್ಲರಿಗೂ ಉಸಿರಾಡುವುದು ಕಷ್ಟ. ಅದಕ್ಕೇ, ನಿಜವಾಗಿ ಯಾರ ಉಸಿರು ಕಟ್ಟುತ್ತಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮಪ್ಪನಿಗೂ ಹಾಗೇ ಆಯಿತು. ಅಪ್ಪನ ಹೆಸರು ಕೆಂಪಣ್ಣ, ಅರಸೀಕೆರೆ ಕಡೆಯವರು. ಇಪ್ಪತ್ತಾರು ವರ್ಷದಿಂದ ಇಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್. ಈ ಕೋಣೆಯಿಂದ ಆ ಕೋಣೆಗೆ ಫೈಲು ಹೊರುವುದು ಕೆಲಸ. ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿ ಮೊದಲ ಮಹಡಿ ನಮ್ಮದು. ಅಪ್ಪ, ಅಮ್ಮ, ನಾನು, ಮೂರೇ ಜನ. ನಾನು ಚರಣ್. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ಎಸಿ ರಿಪೇರಿ ಕಲಿತವನು.

ಅಪ್ಪ ಮೆಟ್ಟಿಲ ಮಧ್ಯದಲ್ಲಿ ನಿಂತು ಏದುಸಿರು ಬಿಡತೊಡಗಿದರು.

"ಏನಾಯ್ತಪ್ಪ?" ಅಂದರೆ, "ಪೊಲ್ಯೂಷನ್ನು ಕಣೋ" ಅನ್ನುತ್ತಿದ್ದರು.

ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಮೂರು ದಿಂಬು ಒಟ್ಟಿಕೊಂಡು ಒರಗುತ್ತಿದ್ದರು. ಅದಕ್ಕೂ ಪೊಲ್ಯೂಷನ್. ಒಂದು ದಿನ ಆಫೀಸಿನ ಬೂಟು ಕಾಲಿಗೆ ಹತ್ತಲೇ ಇಲ್ಲ. ಪಾದ ಊದಿಕೊಂಡು, ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಿತ್ತು.

ಅಮ್ಮ ಕೇಳಿದಳು, "ಹೊಗೆ ಮೂಗಿನಿಂದ ಒಳಗೆ ಹೋಗಿ ಕಾಲಿಗೆ ಇಳೀತಾ?"

ಅವತ್ತೇ ಆಸ್ಪತ್ರೆಗೆ ಸೇರಿಸಿದೆವು. ಎದೆಗೆ ಯಂತ್ರ ಇಟ್ಟು ಎಕೋ ತೆಗೆದರು. ಡಾಕ್ಟರು ಹೊರಗೆ ಬಂದು "ಹಾರ್ಟ್ ಫೇಲ್ಯೂರ್" ಅಂದರು. ಅಮ್ಮ ಅಲ್ಲೇ ನೆಲಕ್ಕೆ ಕುಸಿದು ಗೊಳೋ ಅಂತ ಅಳತೊಡಗಿದಳು. ನಮ್ಮ ಕಡೆ ಹಾರ್ಟ್ ಫೇಲ್ ಆಯ್ತು ಅಂದರೆ ಮನುಷ್ಯ ಹೋದ ಅಂತಲೇ ಅರ್ಥ. ಅಪ್ಪ ಬಾಗಿಲಾಚೆ ಮಂಚದ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು.

"ಲೇ, ನಾನಿನ್ನೂ ಇಲ್ಲೇ ಇದೀನಿ ಕಣೇ" ಅಂದರು.

ಡಾಕ್ಟರು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಹಾರ್ಟು ನಿಂತಿಲ್ಲ, ಸೋತಿದೆ. ರಕ್ತ ತಳ್ಳುವ ಶಕ್ತಿಗೆ ಒಂದು ನಂಬರು ಇರುತ್ತದೆ. ಗಟ್ಟಿಯಾಗಿರುವ ಹಾರ್ಟಿಗೆ ಐವತ್ತೈದು, ಅರವತ್ತು ಬರುತ್ತದೆ. ನೂರು ಯಾರಿಗೂ ಬರುವುದಿಲ್ಲ. ಅಪ್ಪನಿಗೆ ಬಂದಿದ್ದು ಇಪ್ಪತ್ನಾಲ್ಕು.

"ಇದು ಮೇಲೆ ಬರುತ್ತಾ ಸಾರ್?" ಅಂದೆ.

"ಎಷ್ಟೋ ಜನಕ್ಕೆ ಬರುತ್ತೆ. ಆದರೆ ನಾನು ಬರೆದ ಔಷಧಿ ಬರೆದ ಹಾಗೇ ತಗೋಬೇಕು. ಇಲ್ಲದಿದ್ದರೆ ಮುಂದಿನ ನವೆಂಬರ್ ಬಗ್ಗೆ ನಾನು ಮಾತು ಕೊಡಲ್ಲ."

ಆರು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ನಾಲ್ಕು ಥರದ ಮಾತ್ರೆ ಬರೆದಿದ್ದರು. ಅದರಲ್ಲಿ ಒಂದರ ಹೆಸರು ಮೆಟೊಪ್ರೊಲಾಲ್ ಎಕ್ಸ್‌ಎಲ್ ಇಪ್ಪತ್ತೈದು, ದಿನಕ್ಕೆ ಒಂದು. ಎರಡು ವಾರ ಬಿಟ್ಟು ಬನ್ನಿ ಅಂದಿದ್ದರು.

ಹತ್ತನೇ ದಿನಕ್ಕೆ ಆ ಪಟ್ಟಿ ಮುಗಿಯಿತು. ಅಪ್ಪ ಕನ್ನಡಕ ಏರಿಸಿಕೊಂಡು ಖಾಲಿ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಲೋ ಚರಣ, ಎಕ್ಸ್‌ಎಲ್ ಅಂದ್ರೇನೋ?"

"ಎಕ್ಸ್‌ಟ್ರಾ ಲಾರ್ಜು."

"ಹಾಳಾಗ್ಹೋಗ! ನಾನಿರೋದು ಐವತ್ತೊಂದು ಕೇಜಿ. ಸರೋಜಿನಿ ಮಾರ್ಕೆಟ್ಟಿನ ಸ್ಮಾಲ್ ಶರಟು ಹಾಕಿದ್ರೇ ಬೆರ್ಚಪ್ಪನ ಥರ ಕಾಣ್ತೀನಿ. ನಂಗೆ ಎಕ್ಸ್‌ಎಲ್ ಕೊಟ್ಟವ್ರಲ್ಲೋ! ಅದಕ್ಕೇ ಮಾತ್ರೆ ನುಂಗಿದ್ರೆ ಕೈಕಾಲು ಬಿದ್ದು ಹೋಗೋದು. ಇದು ದಪ್ಪಗಿರೋರ ಮಾತ್ರೆ!"

ನಗಬೇಡಿ. ನನಗೂ ಅದು ಸರಿ ಅನ್ನಿಸಿತು.

ಆಗ ಕೆಳಗಿನ ಮನೆಯ ದೇವೇಂದ್ರಪ್ಪ ಮಾಮ ಪೇಪರ್ ಹಿಡಿದುಕೊಂಡು ಮೇಲೆ ಬಂದಿದ್ದರು. ದಾವಣಗೆರೆಯವರು, ಹೆಡ್ ಕ್ಲರ್ಕು. ನಮ್ಮ ಬ್ಲಾಕಿನಲ್ಲಿ ಯಾರಿಗೆ ಏನೇ ಆದರೂ ಮೊದಲು ಔಷಧಿ ಹೇಳುವುದು ಅವರೇ. ಹತ್ತು ವರ್ಷದಿಂದ ಬೀಪಿಗೆ ಅಟೆನೊಲಾಲ್ ನುಂಗುತ್ತಾರೆ. ಅದೇ ಅವರ ಡಿಗ್ರಿ.

"ನೋಡಪ್ಪಾ ತಮ್ಮಾ, ಹೆಸರಿನ ಕೊನೇಲಿ ಲಾಲ್ ಅಂತ ಬಂದ್ರೆ ಮುಗೀತು" ಅಂದರು ಮಾಮ. "ಅಟೆನೊಲಾಲ್, ಮೆಟೊಪ್ರೊಲಾಲ್. ನಿಮ್ಮ ಮೆಡಿಕಲ್ ಶಾಪಿನ ಕಿಶನ್‌ಲಾಲ್ ಇಲ್ವಾ, ಹಾಗೇ. ಎಲ್ಲಾ ಒಂದೇ ವಂಶ. ಎಲ್ಲರ ಮನೆ ದೋಸೆನೂ ತೂತೇ. ಎಕ್ಸ್‌ಎಲ್ ಬಿಟ್ಟು ಸಾದಾ ತಗೊಂಬಾ."

ಅಮ್ಮ ಅಡಿಗೆಮನೆಯಿಂದ ಇಣುಕಿದಳು. "ಡಾಕ್ಟ್ರು ಆ ಎರಡಕ್ಷರಾನ ಸುಮ್ಸುಮ್ನೆ ಬರೀತಾರಾ? ಬರೆದಿದ್ದನ್ನೇ ತಗೊಂಬಾರೋ."

"ನಿಂಗೇನಮ್ಮ ಗೊತ್ತು? ಒಲೆ ಮೇಲೆ ಹಾಲು ಉಕ್ತಿದೆ ನೋಡು ಹೋಗು."

ಇದನ್ನು ಹೇಳಿದವನು ನಾನು. ಬರೆಯುವಾಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಮನೆಯಲ್ಲಿ ಮೂರು ಗಂಡಸರು ಒಂದು ಕಡೆ, ಸರಿಯಾಗಿ ಯೋಚಿಸಿದ ಒಬ್ಬಳು ಒಂದು ಕಡೆ. ಗೆದ್ದಿದ್ದು ಮೂರು ಜನ.

ಕಿಶನ್ ಅಂಗಡಿಗೆ ಹೋದೆ. "ಭಯ್ಯಾ, ಮೆಟೊಪ್ರೊಲಾಲ್ ಇಪ್ಪತ್ತೈದು. ಎಕ್ಸ್‌ಎಲ್ ಬೇಡ, ಸಾದಾ ಕೊಡು."

"ಚೀಟಿ ತೋರಿಸು" ಅಂದ ಕಿಶನ್.

"ಮನೇಲಿದೆ. ನನ್ನ ಮೇಲೆ ನಂಬಿಕೆ ಇಲ್ವಾ? ನಿನ್ನ ಅಂಗಡಿ ಎಸಿ ಕೆಟ್ಟಾಗ ಜೂನ್ ಬಿಸಿಲಲ್ಲಿ ಬಂದು ಮಾಡಿಕೊಟ್ಟೋನು ಯಾರು?"

ಅವನು ಒಂದು ಕ್ಷಣ ಅನುಮಾನಿಸಿದ. ಆಮೇಲೆ ಚಲೋ ಅಂತ ಕೊಟ್ಟ.

ಮೊದಲ ಮೂರು ದಿನ ಅಪ್ಪ ಗೆಲುವಾಗಿದ್ದರು. "ನೋಡಿದ್ಯಾ, ನನ್ನ ಸೈಜಿನ ಮಾತ್ರೆ ಬಿದ್ದ ಮೇಲೆ ಮೈ ಹಗುರ ಆಯ್ತು!" ಅಂತ ಅಮ್ಮನನ್ನು ಆಡಿಕೊಂಡರು. ಎರಡು ವಾರದ ತಪಾಸಣೆಗೂ ಹೋಗಲಿಲ್ಲ. ಚೆನ್ನಾಗಿದ್ದೀನಲ್ಲ, ಯಾಕೆ ಹೋಗಬೇಕು ಅಂದರು.

ನಾಲ್ಕನೇ ದಿನ ಸಂಜೆ ಎದೆಯಲ್ಲಿ ತಮಟೆ ಶುರುವಾಯಿತು. ಬೆಳಿಗ್ಗೆ ಮಾತ್ರೆ ನುಂಗಿದರೆ ಮಧ್ಯಾಹ್ನದವರೆಗೆ ಪರವಾಗಿಲ್ಲ, ಸಂಜೆಯಾದರೆ ಡಬಡಬ ಡಬಡಬ. ಕಾಲು ಮತ್ತೆ ಊದಿತು. ವಾರ ಕಳೆಯುವಷ್ಟರಲ್ಲಿ ಮೂರು ಕೇಜಿ ಏರಿದ್ದರು. ಹಿಟ್ಟು ಅಕ್ಕಿ ತಿಂದು ಬಂದ ತೂಕ ಅಲ್ಲ ಅದು, ಮೈಯಲ್ಲಿ ನಿಂತ ನೀರು. ಬಚ್ಚಲಿಗೆ ಹೋಗಿ ಬಂದರೂ ಗೋಡೆ ಹಿಡಿದು ನಿಲ್ಲುತ್ತಿದ್ದರು.

ನಾನು ಮೊಬೈಲ್ ತೆಗೆದು ಹುಡುಕಿದೆ. ಮೆಟೊಪ್ರೊಲಾಲ್ ಏನು ಮಾಡುತ್ತದೆ? ಹಾರ್ಟಿನ ಓಟವನ್ನು ನಿಧಾನ ಮಾಡುತ್ತದೆ ಅಂತ ಬಂತು.

ನನ್ನ ತಲೆ ಕೆಟ್ಟಿತು. ಸೋತು ಬಿದ್ದಿರುವ ಹಾರ್ಟು. ಅದನ್ನು ಇನ್ನೂ ನಿಧಾನ ಮಾಡಲು ಮಾತ್ರೆ! ನಮ್ಮಪ್ಪನನ್ನು ಸಾಯಿಸಲಿಕ್ಕೇ ಕೊಟ್ಟಿದ್ದಾರೆ. ಬಡವರು, ಅಟೆಂಡರು, ಕೇಳುವವರು ಯಾರು ಅಂದುಕೊಂಡಿದ್ದಾರೆ. ಅಪ್ಪ ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಯ ಹಾರ್ಟ್ ಕ್ಲಿನಿಕ್ಕಿಗೆ ನುಗ್ಗಿದೆ. ನರ್ಸಿನ ಮೇಜಿನ ಮೇಲೆ ಮಾತ್ರೆ ಪಟ್ಟಿ ಬಿಸಾಕಿದೆ. ಈ ಮಾತ್ರೆ ಇವತ್ತೇ ನಿಲ್ಲಿಸ್ತೀನಿ ಅಂತ ಹಿಂದಿಯಲ್ಲಿ ಕೂಗಾಡಿದೆ. ಸಿಟ್ಟು ಮುಗಿಯಲಿಲ್ಲ, ಉಳಿದದ್ದನ್ನು ಕನ್ನಡದಲ್ಲಿ ಗೊಣಗಿದೆ.

ಆ ನರ್ಸು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಬಯ್ಯೋದಾದ್ರೆ ಜೋರಾಗೇ ಬಯ್ಯಪ್ಪ. ನಂದು ಚಿಕ್ಕಬಳ್ಳಾಪುರ."

ಅವರ ಹೆಸರು ವೈಜಯಂತಿ.

"ನಿನ್ನ ಜಗಳ ಎಲ್ಲೂ ಓಡಿ ಹೋಗಲ್ಲ" ಅಂದರು. "ಮೊದಲು ಅಪ್ಪಾಜಿನ ಮಂಚದ ಮೇಲೆ ಕೂರಿಸು."

ಡಾಕ್ಟರು ಬಂದರು. ಮೈಯ ನೀರು ಇಳಿಯಲು ಇಂಜೆಕ್ಷನ್ ಕೊಟ್ಟರು. ಮುಕ್ಕಾಲು ಗಂಟೆಯಲ್ಲಿ ಅಪ್ಪನ ಉಸಿರು ಹದಕ್ಕೆ ಬರತೊಡಗಿತು. ಆಗ ವೈಜಯಂತಿ ಸಿಸ್ಟರ್ ನಾನು ಬಿಸಾಕಿದ ಪಟ್ಟಿಯನ್ನು ಎತ್ತಿಕೊಂಡು ಬಂದರು.

"ತಮ್ಮ, ಇದರ ಹೆಸರು ಓದು."

"ಮೆಟೊಪ್ರೊಲಾಲ್ ಇಪ್ಪತ್ತೈದು."

"ಈಗ ಡಾಕ್ಟರ ಚೀಟಿ ಓದು."

"ಮೆಟೊಪ್ರೊಲಾಲ್ ಎಕ್ಸ್‌ಎಲ್..."

"ಇದರಲ್ಲಿ ಎಕ್ಸ್‌ಎಲ್ ಎಲ್ಲಿ?"

ಅಪ್ಪ ಮಂಚದ ಮೇಲಿಂದಲೇ ಹೇಳಿದರು. "ನಾನು ಬೇಡ ಅಂದಿದ್ದು ಸಿಸ್ಟರ್. ನಾನು ಸಣಕಲ. ನಂಗ್ಯಾಕೆ ಎಕ್ಸ್‌ಟ್ರಾ ಲಾರ್ಜು?"

ಸಿಸ್ಟರ್ ಮೊದಲು ನಗಲಿಲ್ಲ. ನಗು ತಡೆಯಲು ತುಂಬಾ ಕಷ್ಟಪಟ್ಟರು. ಆಮೇಲೆ ಆಗಲಿಲ್ಲ. ಅಮ್ಮನೂ ನಕ್ಕಳು, ಕಣ್ಣಲ್ಲಿ ನೀರು ಇಟ್ಟುಕೊಂಡೇ.

"ಕೆಂಪಣ್ಣೋರೇ, ಇದು ಶರಟಿನ ಸೈಜಲ್ಲ. ಎಕ್ಸ್‌ಎಲ್ ಅಂದ್ರೆ ಮಾತ್ರೆ ಹೊಟ್ಟೇಲಿ ನಿಧಾನವಾಗಿ ಕರಗುತ್ತೆ, ಇಡೀ ದಿನ ಸ್ವಲ್ಪ ಸ್ವಲ್ಪವಾಗಿ ಔಷಧಿ ಬಿಡುತ್ತೆ ಅಂತ. ಕೆಲವು ಕಂಪನಿಯವ್ರು ಇಆರ್ ಅಂತಾನೂ ಬರೀತಾರೆ. ಕೆಳಗೆ ಚಿಕ್ಕಕ್ಷರದಲ್ಲಿ ಸಕ್ಸಿನೇಟ್ ಅಂತಿರುತ್ತೆ. ನೀವು ತಗೊಂಡಿರೋ ಸಾದಾದ್ದು ನೋಡಿ, ಟಾರ್ಟ್ರೇಟ್. ಬೇಗ ಕರಗಿ ಬೇಗ ಇಳಿದು ಹೋಗುತ್ತೆ. ಬೆಳಿಗ್ಗೆ ನುಂಗಿದ್ದು ಸಂಜೆಗೆಲ್ಲಿರುತ್ತೆ? ಅದಕ್ಕೇ ಸಂಜೆಗೆ ನಿಮ್ಮ ಎದೇಲಿ ತಮಟೆ. ಬೇರೆ ಕಾರಣಾನೂ ಇರಬಹುದು. ಉಪ್ಪಿನಕಾಯಿ ತಿಂದ್ರಾ?"

"ಸ್ವಲ್ಪ" ಅಂದರು ಅಪ್ಪ.

"ಅರ್ಧ ಬಾಟಲಿ" ಅಂದಳು ಅಮ್ಮ.

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಅದೆಲ್ಲ ಸರಿ ಸಿಸ್ಟರ್. ಆದ್ರೆ ಸೋತ ಹಾರ್ಟಿಗೆ ನಿಧಾನ ಮಾಡೋ ಮಾತ್ರೆ ಯಾಕೆ ಕೊಟ್ರಿ? ಅದನ್ನ ಹೇಳಿ."

"ಏನು ಕೆಲಸ ಮಾಡ್ತೀಯ?"

"ಎಸಿ ರಿಪೇರಿ."

"ಗ್ಯಾಸ್ ಸೋರಿ ಹೋದ ಎಸಿಲಿ ಏನಾಗುತ್ತೆ?"

"ರೂಮು ತಣ್ಣಗಾಗಲ್ಲ. ಕಂಪ್ರೆಸರ್ ಕಟ್ ಆಫ್ ಆಗದೆ ಓಡ್ತಾನೇ ಇರುತ್ತೆ. ಓಡಿ ಓಡಿ ಕೊನೆಗೆ..."

ಅಲ್ಲಿಗೆ ನಿಂತೆ. ಕೊನೆಗೆ ಸುಟ್ಟು ಹೋಗುತ್ತದೆ. ದಿನಾ ಹತ್ತು ಮನೆಯಲ್ಲಿ ನೋಡುವ ನನಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

"ನಿಮ್ಮಪ್ಪನ ಹಾರ್ಟೂ ಅದೇ ಮಾಡ್ತಿದೆ" ಅಂದರು ಸಿಸ್ಟರ್. "ರಕ್ತ ಸಾಲ್ತಿಲ್ಲ ಅಂತ ಮೈ ಕೂಗ್ತಿದೆ. ಓಡು ಓಡು ಅಂತ ಹಾರ್ಟನ್ನ ಅಟ್ಟಿಸ್ತಿದೆ. ಓಡಿದಷ್ಟೂ ಅದು ಸವೆಯುತ್ತೆ. ಈ ಮಾತ್ರೆ ಆ ಅಟ್ಟಿಸಿಕೊಂಡು ಬರೋ ಕೂಗನ್ನ ತಡೆಯುತ್ತೆ. ಹಾರ್ಟಿಗೆ ಸ್ವಲ್ಪ ಸುಧಾರಿಸಿಕೊಳ್ಳೋಕೆ ಪುರುಸೊತ್ತು ಸಿಗುತ್ತೆ. ಮೊದಲ ಕೆಲವು ವಾರ ಸುಸ್ತಾಗುತ್ತೆ, ಹೌದು. ತಿಂಗಳುಗಟ್ಟಲೆ ತಾಳ್ಮೆ ಬೇಕು. ಆದ್ರೆ ಇವತ್ತೇ ನಿಲ್ಲಿಸ್ತೀನಿ ಅಂತ ನೀನು ಕೂಗಾಡಿದ್ಯಲ್ಲ, ಅದಂತೂ ಬೇಡವೇ ಬೇಡ. ಡಾಕ್ಟರನ್ನ ಕೇಳದೆ ಥಟ್ಟಂತ ನಿಲ್ಲಿಸಿದ್ರೆ ಹಾರ್ಟು ಹುಚ್ಚು ಕುದುರೆ ಥರ ಎದ್ದು ಬಿಡುತ್ತೆ."

ಅಮ್ಮ ಹತ್ತಿರಕ್ಕೆ ಸರಿದಳು. "ಸಿಸ್ಟರ್, ನಮ್ಮ ಬ್ಲಾಕಿನೋರು ಲಾಲ್ ಅಂತ ಬಂದ್ರೆ ಎಲ್ಲಾ ಒಂದೇ ಅಂತಾರೆ."

"ವಂಶ ಒಂದೇ, ಬೀಟಾ ಬ್ಲಾಕರ್ ಅಂತ ವಂಶದ ಹೆಸರು. ಆದ್ರೆ ಅಣ್ಣತಮ್ಮಂದಿರೆಲ್ಲ ಒಂದೇ ಕೆಲಸ ಮಾಡ್ತಾರಾ? ಸೋತ ಹಾರ್ಟಿರೋ ಸಾವಿರಾರು ಜನಕ್ಕೆ ಕೊಟ್ಟು, ಪ್ರಾಣ ಉಳಿಸುತ್ತೆ ಅಂತ ಗಟ್ಟಿಯಾಗಿ ತೋರಿಸಿರೋದು ಮುಖ್ಯವಾಗಿ ಮೂರು. ಬಿಸೊಪ್ರೊಲಾಲ್, ಕಾರ್ವೆಡಿಲಾಲ್, ಮತ್ತೆ ನಿಮ್ಮ ಯಜಮಾನ್ರದ್ದು, ಮೆಟೊಪ್ರೊಲಾಲ್ ಸಕ್ಸಿನೇಟ್, ಅದೇ ಎಕ್ಸ್‌ಎಲ್. ಸಾದಾ ಮೆಟೊಪ್ರೊಲಾಲನ್ನೂ ಕಾರ್ವೆಡಿಲಾಲನ್ನೂ ಪಕ್ಕಪಕ್ಕ ಇಟ್ಟು ನೋಡಿದಾರೆ. ಕಾರ್ವೆಡಿಲಾಲ್ ತಗೊಂಡೋರೇ ಹೆಚ್ಚು ಜನ ಉಳಿದ್ರು. ಅಟೆನೊಲಾಲ್ ಬೀಪಿಗೆ ಕೊಡ್ತಾರೆ. ಸೋತ ಹಾರ್ಟಿನ ಪ್ರಾಣ ಉಳಿಸುತ್ತೆ ಅನ್ನೋಕೆ ಅದಕ್ಕೆ ಆ ಥರದ ಪುರಾವೆ ಇಲ್ಲ."

"ಹಾಗಾದ್ರೆ ಆ ಮೂರರಲ್ಲಿ ಬೆಸ್ಟ್ ಯಾವುದು? ಅದನ್ನೇ ಕೊಡಿ ನಮ್ಮಪ್ಪಂಗೆ" ಅಂತ ನಾನು ಮೇಜು ಗುದ್ದಿದೆ.

"ಮೇಜು ಸರ್ಕಾರದ್ದು, ಮೆಲ್ಲಗೆ" ಅಂದರು ಸಿಸ್ಟರ್. "ಮೂರರಲ್ಲಿ ಇದೇ ಗೆದ್ದಿದ್ದು ಅಂತ ಹೇಳೋಕಾಗಲ್ಲ. ಯಾರಿಗೆ ಯಾವುದು ಹೊಂದುತ್ತೆ ಅಂತ ನೋಡಬೇಕು, ಗಂಡು ಹೆಣ್ಣು ನೋಡೋ ಹಾಗೆ. ಕಾರ್ವೆಡಿಲಾಲ್ ದಿನಕ್ಕೆ ಎರಡು ಸಲ, ಊಟದ ಜೊತೆ. ಬೀಪಿನ ಅದು ಹೆಚ್ಚಾಗಿ ಇಳಿಸುತ್ತೆ. ಬೀಪಿ ಜಾಸ್ತಿ ಇರೋರಿಗೆ ಅದು ಅನುಕೂಲ, ನಿಮ್ಮಪ್ಪನ ಹಾಗೆ ಬೀಪಿ ಕಮ್ಮಿ ಇರೋರಿಗೆ ಎದ್ದು ನಿಂತ್ರೆ ತಲೆ ಸುತ್ತಬಹುದು. ಉಬ್ಬಸ ಇರೋರಿಗೆ ಅದನ್ನ ಕೊಡಲ್ಲ. ಬಿಸೊಪ್ರೊಲಾಲೂ ಎಕ್ಸ್‌ಎಲ್ಲೂ ಹೆಚ್ಚಾಗಿ ಹಾರ್ಟಿನ ಮೇಲೇ ಕೆಲಸ ಮಾಡ್ತವೆ, ಸಾಮಾನ್ಯವಾಗಿ ದಿನಕ್ಕೊಂದು ಸಲ ಸಾಕು. ಉಬ್ಬಸ ಇದ್ರೆ ಅವನ್ನೂ ಡಾಕ್ಟರು ನೋಡ್ಕೊಂಡೇ ಕೊಡ್ತಾರೆ. ಇಷ್ಟೆಲ್ಲ ಲೆಕ್ಕ ಹಾಕಿ ಡಾಕ್ಟರು ಒಂದನ್ನ ಆರಿಸಿದಾರೆ. ನೀವು ಶರಟಿನ ಅಂಗಡಿ ಲೆಕ್ಕ ಹಾಕಿ ಬದಲಾಯಿಸಿದ್ರಿ."

ನಾನು ತಲೆ ತಗ್ಗಿಸಿದೆ. ಇಷ್ಟು ದಿನ ಎಲ್ಲರ ಮೇಲೆ ಸಿಟ್ಟು ಮಾಡಿದ್ದೆ. ಡಾಕ್ಟರ ಮೇಲೆ, ಆಸ್ಪತ್ರೆ ಮೇಲೆ, ದಿಲ್ಲಿಯ ಗಾಳಿಯ ಮೇಲೆ. ನಮ್ಮಪ್ಪನ ಎದೆಗೆ ಕೈ ಹಾಕಿದವನು ನಾನೇ ಆಗಿದ್ದೆ.

"ಅಕ್ಕ, ತಪ್ಪಾಯ್ತು" ಅಂದೆ.

"ತಪ್ಪಾಯ್ತು ಅನ್ನೋದು ನನ್ನ ಹತ್ರ ಅಲ್ಲ. ಚೀಟಿಲಿ ಇದ್ದ ಹಾಗೇ ತಗೊಂಬಾ ಅಂದಿದ್ದು ಯಾರು?"

ಅಮ್ಮ ಸೆರಗು ಸರಿ ಮಾಡಿಕೊಂಡು ಬೇರೆ ಕಡೆ ನೋಡಿದಳು. ಅವಳ ಮುಖದಲ್ಲಿ ಅವತ್ತು ಇದ್ದ ಗತ್ತನ್ನು ನೀವು ನೋಡಬೇಕಿತ್ತು.

ಮೂರು ದಿನ ಆಸ್ಪತ್ರೆಯಲ್ಲಿದ್ದು ಅಪ್ಪ ಮನೆಗೆ ಬಂದರು, ಎಕ್ಸ್‌ಎಲ್ ಮಾತ್ರೆ ಜೊತೆಗೆ. ದೇವೇಂದ್ರಪ್ಪ ಮಾಮ ವಿಷಯ ಕೇಳಿ ತಮ್ಮ ಅಟೆನೊಲಾಲ್ ಪಟ್ಟಿಯನ್ನೇ ಹಿಡಿದುಕೊಂಡು ಧಡಧಡ ಮೇಲೆ ಬಂದರು.

"ಏನು, ಅಟೆನೊಲಾಲ್ ದಂಡ ಅಂದ್ರಂತೆ? ಹಂಗಾದ್ರೆ ಹತ್ತು ವರ್ಷದಿಂದ ನಾನು ನುಂಗಿದ್ದು ಸುಣ್ಣದ ಬಿಲ್ಲೆನಾ? ಇವತ್ತೇ ತಿಪ್ಪೆಗೆ ಎಸೀತೀನಿ!"

"ಎಸೀಬೇಡಿ!" ಅಂತ ಅಮ್ಮ ಅಡ್ಡ ನಿಂತಳು. "ನಿಮಗಿರೋದು ಬೀಪಿ, ಇವರಿಗಿರೋದು ಸೋತ ಹಾರ್ಟು. ಕಾಯಿಲೆ ಬೇರೆ, ಮಾತ್ರೆ ಬೇರೆ. ನಿಮ್ಮ ಮಾತ್ರೆ ನಿಮಗೆ ಕೆಲಸ ಮಾಡ್ತಿದ್ರೆ ಮಾಡ್ಲಿ. ಥಟ್ಟಂತ ನಿಲ್ಲಿಸಿದ್ರೆ ಎದೆ ಹುಚ್ಚು ಕುದುರೆ ಆಗುತ್ತೆ. ಅನುಮಾನ ಇದ್ರೆ ನಿಮ್ಮ ಡಾಕ್ಟರನ್ನ ಕೇಳಿ. ಆದ್ರೆ ಇನ್ಮೇಲೆ ನಿಮ್ಮ ಮಾತ್ರೆನ ನಮ್ಮನೆಯೋರಿಗೆ ಹೇಳ್ಬೇಡಿ."

"ಅಲ್ಲಕ್ಕಾ, ನೀವು ಯಾವಾಗ ಎಂಬಿಬಿಎಸ್ ಮಾಡಿದ್ರಿ?"

"ನೀವು ಮಾಡಿದ ವರ್ಷವೇ."

ಅಪ್ಪ ನಕ್ಕು ನಕ್ಕು ಕೆಮ್ಮಿದರು. ಮಾಮನೂ ನಕ್ಕರು. ಮಾರನೇ ವಾರ ತಮ್ಮ ಡಾಕ್ಟರ ಹತ್ತಿರ ಹೋಗಿ ಎಲ್ಲ ತೋರಿಸಿಕೊಂಡೂ ಬಂದರು.

ಅಲ್ಲಿಂದ ಅಮ್ಮನ ರಾಜ್ಯ ಶುರು. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗಿ ಬಂದ ತಕ್ಷಣ ಅಪ್ಪ ತೂಕದ ಯಂತ್ರದ ಮೇಲೆ ನಿಲ್ಲಬೇಕು. ಮೂರು ದಿನದಲ್ಲಿ ಎರಡು ಕೇಜಿ ಏರಿದರೆ ವೈಜಯಂತಿ ಅಕ್ಕನಿಗೆ ಫೋನು. ಮಾತ್ರೆಯನ್ನು ಜಗಿಯುವ ಹಾಗಿಲ್ಲ, ಪುಡಿ ಮಾಡುವ ಹಾಗಿಲ್ಲ. ಪುಡಿ ಮಾಡಿದರೆ ನಿಧಾನವಾಗಿ ಕರಗುವುದೆಲ್ಲಿ ಬಂತು? ಉಪ್ಪಿನಕಾಯಿ ಬಾಟಲಿಯನ್ನು ಅಮ್ಮ ಎಲ್ಲಿ ಬಚ್ಚಿಟ್ಟಳೋ, ಇವತ್ತಿಗೂ ನಮಗೆ ಸಿಕ್ಕಿಲ್ಲ.

ಜನವರಿಯಲ್ಲಿ ಡಾಕ್ಟರು ನಾಡಿ ನೋಡಿ, ಬೀಪಿ ನೋಡಿ, ಇಪ್ಪತ್ತೈದನ್ನು ಐವತ್ತು ಮಾಡಿದರು. ಅಪ್ಪನ ಮುಖ ಬಾಡಿತು.

"ಡಬಲ್ ಮಾಡಿದ್ರು ಕಣೋ. ಕಾಯಿಲೆನೂ ಡಬಲ್ ಆಯ್ತು. ನನ್ನ ಕಥೆ ಮುಗೀತು."

ವೈಜಯಂತಿ ಅಕ್ಕ ಅಲ್ಲೇ ಇದ್ದರು. "ಕೆಂಪಣ್ಣೋರೇ, ಜುಲೈ ತಿಂಗಳಲ್ಲಿ ಆಫೀಸಲ್ಲಿ ಏನು ಕೊಡ್ತಾರೆ?"

"ಇನ್‌ಕ್ರಿಮೆಂಟು."

"ಯಾರಾದ್ರೂ ಅಳ್ತಾರಾ ಅದಕ್ಕೆ?"

"ಯಾಕಳ್ತಾರೆ?"

"ಮತ್ತೆ ನೀವ್ಯಾಕೆ ಅಳ್ತಿದೀರಾ? ಈ ಮಾತ್ರೆನ ಸಣ್ಣ ಡೋಸಿಂದಾನೇ ಶುರು ಮಾಡೋದು. ಹಾರ್ಟು ತಡ್ಕೊಳ್ತಿದೆ ಅಂತ ಖಾತ್ರಿ ಆದ್ರೆ ಮಾತ್ರ ಏರಿಸೋದು. ಇದು ನಿಮ್ಮ ಹಾರ್ಟಿಗೆ ಕೊಟ್ಟ ಇನ್‌ಕ್ರಿಮೆಂಟು."

ಇಪ್ಪತ್ತಾರು ವರ್ಷ ಸರ್ಕಾರಿ ನೌಕರಿ ಮಾಡಿದ ಮನುಷ್ಯನಿಗೆ ಇದಕ್ಕಿಂತ ಚೆನ್ನಾಗಿ ಹೇಗೆ ಹೇಳುವುದು! ಹೋಳಿ ಹೊತ್ತಿಗೆ ಮಾತ್ರೆ ನೂರಕ್ಕೆ ಏರಿದಾಗ ಅಪ್ಪ ಬ್ಲಾಕಿನವರಿಗೆಲ್ಲ ತಾವೇ ಹೇಳಿಕೊಂಡು ಬಂದರು, ಪ್ರಮೋಷನ್ ಆದವರ ಹಾಗೆ.

ಸುಲಭವಾಗಿತ್ತು ಅಂತ ಮಾತ್ರ ನಾನು ಹೇಳುವುದಿಲ್ಲ. ಪ್ರತಿ ಸಲ ಡೋಸು ಏರಿದಾಗಲೂ ಹತ್ತು ದಿನ ಸುಸ್ತು. "ಬಿಟ್ಬಿಡ್ಲಾ?" ಅನ್ನುತ್ತಿದ್ದರು. ಬಿಡಲಿಲ್ಲ. ಏಪ್ರಿಲಿನಲ್ಲಿ ಮೂರು ದಿಂಬು ಎರಡಾಯಿತು, ಮೇನಲ್ಲಿ ಒಂದು. ಜೂನಿನ ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟಿದ್ದೆ. ಅಪ್ಪ ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. ಮಧ್ಯದಲ್ಲಿ ನಿಲ್ಲಲಿಲ್ಲ. ನನ್ನನ್ನು ದಾಟಿ ಹೋಗುತ್ತಾ, "ದಾರಿ ಬಿಡೋ" ಅಂದರು!

ಜುಲೈಯಲ್ಲಿ ಮತ್ತೆ ಎಕೋ. ಎಸಿ ಕೆಲಸ ಉಸಿರಾಡಲೂ ಬಿಡದ ಕಾಲ ಅದು, ಆದರೂ ಫೋನ್ ಆಫ್ ಮಾಡಿ ಕೂತೆ. ಡಾಕ್ಟರು ಪರದೆ ನೋಡಿದರು. ಹಳೇ ಕಾಗದ ನೋಡಿದರು. ಮತ್ತೆ ಪರದೆ ನೋಡಿದರು. ನನ್ನ ಎದೆಯಲ್ಲೇ ತಮಟೆ.

"ನಲವತ್ತಾರು" ಅಂದರು.

ಅಪ್ಪ ವೈಜಯಂತಿ ಅಕ್ಕನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು. "ಸಿಸ್ಟರ್, ನಮ್ಮ ಕಡೆ ಮೂವತ್ತೈದಕ್ಕೆ ಪಾಸು. ನಾನು ಪಾಸು ತಾನೇ?"

"ಪಾಸು ಕೆಂಪಣ್ಣೋರೇ! ಆದ್ರೆ ಪಾಸಾದೆ ಅಂತ ಪುಸ್ತಕ ಎಸೆಯೋ ಹಾಗಿಲ್ಲ. ಮಾತ್ರೆ ನಿಲ್ಲಿಸಿದ್ರೆ ನಂಬರು ಮತ್ತೆ ಇಳಿಯಬಹುದು."

"ಎಸೆದ್ರೆ ನಾನು ಮನೆಗೆ ಸೇರಿಸಲ್ಲ" ಅಂದಳು ಅಮ್ಮ.

ನವೆಂಬರಿನಿಂದ ರಜೆಯಲ್ಲಿದ್ದ ಅಪ್ಪ ಇನ್ನು ಕೆಲಸಕ್ಕೆ ಹೋಗಬಹುದು ಅಂತ ಡಾಕ್ಟರು ಬರೆದು ಸಹಿ ಹಾಕಿದರು. ಭಾರ ಹೊರಬೇಡಿ, ಉಳಿದದ್ದೆಲ್ಲ ಮಾಡಿ ಅಂದರು. ನಾನು ಕಾರಿಡಾರಿಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ. ಅತ್ತಿದ್ದಕ್ಕೆ ನಾಚಿಕೆಯಿಲ್ಲ, ಬರೆಯುತ್ತೇನೆ. ಗೆದ್ದವನ ಅಳು ಅದು.

ಕಣ್ಣೊರೆಸಿಕೊಂಡು ತಿರುಗಿದರೆ, ಅಪ್ಪ ಕಾಯುವ ಬೆಂಚಿನ ಹತ್ತಿರ ನಿಂತಿದ್ದರು. ಅಲ್ಲಿ ಗ್ರೇಟರ್ ನೋಯ್ಡಾದಿಂದ ಬಂದಿದ್ದ ಗಂಡ ಹೆಂಡತಿ ಕೂತಿದ್ದರು, ಮಡಿಲಲ್ಲಿ ಮಾತ್ರೆ ತುಂಬಿದ ಪ್ಲಾಸ್ಟಿಕ್ ಚೀಲ. ಗಂಡನ ಕಾಲು ಊದಿತ್ತು. ಅಪ್ಪ ತಮ್ಮ ಅರಸೀಕೆರೆ ಹಿಂದಿಯಲ್ಲಿ ಹೇಳುತ್ತಿದ್ದರು. "ಭಾಯಿಸಾಬ್, ನಾಮ್ ಪೂರಾ ಪಢೋ. ಆಖಿರ್ ತಕ್ ಪಢೋ." ಹೆಸರು ಪೂರ್ತಿ ಓದಿ, ಕೊನೆಯವರೆಗೂ ಓದಿ ಅಂತ. ಆ ಹೆಂಗಸು ಒಂದೊಂದೇ ಪಟ್ಟಿ ತೆಗೆದು ಚೀಟಿಯ ಜೊತೆ ಹಿಡಿದು ಓದತೊಡಗಿದರು. ನಾಲ್ಕನೆಯದಕ್ಕೆ ಬೆರಳು ನಿಂತಿತು. ಅವರು ಎದ್ದು ಸೀದಾ ವೈಜಯಂತಿ ಅಕ್ಕನ ಮೇಜಿಗೆ ನಡೆದರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಾನು ಒಂಬತ್ತನೇ ಕ್ಲಾಸಿನವನು. ನನ್ನಿಂದ ನೀವು ಔಷಧಿ ಕಲಿಯಬೇಡಿ. ಯಾವ ಮಾತ್ರೆ ಯಾರಿಗೆ ಅಂತ ಹೇಳುವವರು ಡಾಕ್ಟರು, ನಾನಲ್ಲ, ಪಕ್ಕದ ಮನೆಯವರೂ ಅಲ್ಲ. ಆದರೆ ಓದಲು ನಿಮಗೆ ಬರುತ್ತದೆ. ಹೆಸರಿನ ಕೊನೆಗೆ ಇರುವ ಆ ಪುಟ್ಟ ಅಕ್ಷರಗಳು ಅಲಂಕಾರಕ್ಕೆ ಇಟ್ಟಿದ್ದಲ್ಲ. ನಿಮ್ಮ ಮನೆಯಲ್ಲಿ ಹಾರ್ಟು ಸೋತವರಿದ್ದರೆ ಅವರ ಚೀಟಿ ತೆಗೆಯಿರಿ, ಮಾತ್ರೆ ಪಟ್ಟಿ ತೆಗೆಯಿರಿ, ಪಕ್ಕಪಕ್ಕ ಇಟ್ಟು ಕೊನೆಯ ಅಕ್ಷರದವರೆಗೆ ಜೋರಾಗಿ ಓದಿ. ಒಂದಕ್ಷರ ತಾಳೆಯಾಗದಿದ್ದರೂ ನೀವಾಗಿ ನಿಲ್ಲಿಸಬೇಡಿ, ನೀವಾಗಿ ಬದಲಿಸಬೇಡಿ, ಇವತ್ತೇ ಡಾಕ್ಟರನ್ನು ಕೇಳಿ. ಸುಸ್ತಾದರೆ ಹೇಳಿ. ತೂಕ ಏರಿದರೆ ಹೇಳಿ. ಉಬ್ಬಸ ಇದ್ದರೆ ಮೊದಲೇ ಹೇಳಿ. ಕೇಳಿದರೆ ಬೈಯುತ್ತಾರೇನೋ ಅಂತ ಹೆದರಬೇಡಿ. ಬೈದರೆ ಬೈಯಲಿ, ಮನುಷ್ಯ ಉಳಿಯುತ್ತಾನೆ.

ಇನ್ನೂ ಕೂತೇ ಇದ್ದೀರಾ? ಏಳಿ!